'ಸಾಹೇಬ' ಅಂದ್ರೆ ಮೊದಲು ಯಜಮಾನನಾ, ಜೊತೆಗಾರನಾ?

ಬೆಳಗಾವಿ ಕುಂದಾ
ನಮ್ಮ ಕಡೆ ಅಣ್ಣಾಸಾಹೇಬ, ಬಾಬಾಸಾಹೇಬ, ಬಾಳಾಸಾಹೇಬ ಅನ್ನೋ ಹೆಸರು ಓಣಿಗೆ ನಾಲ್ಕು ಸಿಗುತ್ತವೆ. ಹೆಚ್ಚಿನವು ಹಿಂದೂ, ಜೈನ ಮನೆಗಳಲ್ಲೇ. ಆಫೀಸಿನಲ್ಲಿ ಮೇಲಿನವರೆಲ್ಲ ಸಾಹೇಬರು. ಬೆಂಗಳೂರಿಗೆ ಬಂದು ನೋಡಿದರೆ ಇಲ್ಲಿ 'ಸಾಬ್ರು' ಅಂದರೆ ಮುಸ್ಲಿಮರು ಅಂತಲೇ ಲೆಕ್ಕ. ಈಗ ನಮ್ಮ ಟೀಮಿನಲ್ಲಿರುವ ಜೋರ್ಡಾನಿನ ಹುಡುಗ ಬೇರೆಯೇ ಹೇಳುತ್ತಾನೆ. ಅವರ ಅರಬ್ಬಿಯಲ್ಲಿ ಸಾಹಿಬ್ ಅಂದರೆ ಗೆಳೆಯ, ಜೊತೆಗಾರ. ಬಾಸ್‌ನ ಹಾಗೆ ಕರೆದರೆ ನಗುತ್ತಾರಂತೆ. ಗೆಳೆಯ ಯಾವಾಗ ದೊಡ್ಡ ಮನುಷ್ಯನಾದ? ಗೊತ್ತಿರುವವರು ಬಿಡಿಸಿ ಹೇಳಿ.

ಭಟ್ಕಳದ ವಿದ್ಯಾರ್ಥಿ
ನಾನು ಅರಬ್ಬಿ ಓದಿದವನು, ಆ ಕಡೆಯಿಂದ ಹೇಳುತ್ತೇನೆ. ಸ್ವಾದ್, ಹಾ, ಬಾ ಎಂಬ ಮೂರು ಅಕ್ಷರ ಇದರ ಬೇರು. 'ಸಹಿಬ' ಅಂದರೆ ಜೊತೆಗಿದ್ದ, ಜೊತೆ ಹೋದ. 'ಸಾಹಿಬ್' ಅಂದರೆ ಹಾಗೆ ಜೊತೆಗಿರುವವನು. ಬಹುವಚನ 'ಅಸ್‌ಹಾಬ್'. ಪ್ರವಾದಿಯವರ ಸಂಗಾತಿಗಳನ್ನು 'ಸಹಾಬಾ' ಅನ್ನುವುದೂ ಇದೇ ಬೇರಿನಿಂದ.

ಕುರ್‌ಆನ್‌ನಲ್ಲಿ ಈ ಪದ ಬೇಕಾದಷ್ಟು ಕಡೆ ಬರುತ್ತದೆ, ಎಲ್ಲೂ ಬಿರುದಾಗಿ ಅಲ್ಲ. ಗುಹೆಯಲ್ಲಿ ಅಡಗಿದ್ದಾಗ ಪ್ರವಾದಿ 'ತನ್ನ ಸಾಹಿಬ್‌ಗೆ' ದುಃಖಿಸಬೇಡ ಅಂದರು ಅಂತ 9ನೇ ಅಧ್ಯಾಯದಲ್ಲಿದೆ. ಆ ಸಾಹಿಬ್ ಅಬೂಬಕ್ಕರ್. ಜೈಲಿನಲ್ಲಿದ್ದ ಯೂಸುಫ್ ತನ್ನ ಜೊತೆಯ ಇಬ್ಬರು ಕೈದಿಗಳನ್ನು 'ಸೆರೆಮನೆಯ ನನ್ನ ಇಬ್ಬರು ಸಾಹಿಬ್‌ಗಳೇ' ಅಂತ ಕರೆಯುತ್ತಾನೆ. ಕೈದಿಗಳು ಸಾಹೇಬರಾಗಿರಲಿಲ್ಲ ಅಲ್ವಾ. ಮಕ್ಕಾದವರಿಗೆ ಹೇಳುವಾಗ ಪ್ರವಾದಿಯನ್ನೇ 'ನಿಮ್ಮ ಸಾಹಿಬ್ ಹುಚ್ಚನಲ್ಲ' ಅನ್ನುವ ಮಾತಿದೆ. ಅಂದರೆ ನಿಮ್ಮ ನಡುವೆಯೇ ಬಾಳಿದವನು ಅಂತ.

ಹಾಗಾಗಿ ನಿಮ್ಮ ಜೋರ್ಡಾನ್ ಗೆಳೆಯ ಸರಿಯಾಗೇ ಹೇಳಿದ್ದಾನೆ.

ಸುಮ್ನೆ ಬಂದವ
ಇಮಾಂ ಸಾಬಿಗೂ ಗೋಕುಲಾಷ್ಟಮಿಗೂ ಏನು ಸಂಬಂಧ ಅಂತ ಕೇಳುತ್ತಿದ್ದೆವು. ಈಗ ನೋಡಿದರೆ ಸಾಬಿಗೂ ಸಾಹೇಬನಿಗೂ ಏನು ಸಂಬಂಧ ಅಂತ ಕೇಳಬೇಕು.

ಹಳೇ ದಫ್ತರ
ಸಂಬಂಧ ಇದೆ, ಅದಕ್ಕೊಂದು ಊರೂ ಇದೆ. ಇರಾನಿನ ರೇ. ಈಗಿನ ತೆಹರಾನ್ ಪಕ್ಕದಲ್ಲೇ.

ಹತ್ತನೇ ಶತಮಾನದಲ್ಲಿ ಅಲ್ಲಿ ಬುವೈಹಿ ಮನೆತನದ ಆಳ್ವಿಕೆ. ಅವರ ವಜೀರನಾಗಿದ್ದವನು ಇಸ್ಮಾಯಿಲ್ ಇಬ್ನ್ ಅಬ್ಬಾದ್ (938–995). ದೊಡ್ಡ ವಿದ್ವಾಂಸ. ಅರಬ್ಬಿ ನಿಘಂಟು ಬರೆದವನು, ಕವಿಗಳನ್ನು ಸಾಕಿದವನು. ಬೇರೊಬ್ಬ ದೊರೆ ತನ್ನ ಆಸ್ಥಾನಕ್ಕೆ ಕರೆದಾಗ, ನನ್ನ ಪುಸ್ತಕ ಹೊರುವುದಕ್ಕೇ 400 ಒಂಟೆ ಬೇಕು ಅಂತ ನೆಪ ಹೇಳಿದನಂತೆ. ಚರಿತ್ರೆಯಲ್ಲಿ ಅವನ ಹೆಸರು 'ಅಸ್ಸಾಹಿಬ್ ಇಬ್ನ್ ಅಬ್ಬಾದ್'. 13ನೇ ಶತಮಾನದ ಚರಿತ್ರಕಾರ ಇಬ್ನ್ ಖಲ್ಲಿಕಾನ್ ಪ್ರಕಾರ, ವಜೀರರಲ್ಲಿ ಈ ಬಿರುದು ಮೊದಲು ಬಂದದ್ದು ಇವನಿಗೇ. ಆಮೇಲೆ ವಜೀರನಾದವರಿಗೆಲ್ಲ ಅದೇ ಅಂಟಿಕೊಂಡಿತು.

ಯಾಕೆ ಬಂತು ಅನ್ನುವುದಕ್ಕೆ ಎರಡು ಕತೆ ಇವೆ. ಒಂದು, ಅವನು ಅಬುಲ್ ಫಜ್ಲ್ ಇಬ್ನುಲ್ ಅಮೀದ್ ಎಂಬ ಹಿರಿಯ ವಜೀರನ ಜೊತೆ ಬೆಳೆದವನು. ಜನ 'ಇಬ್ನುಲ್ ಅಮೀದನ ಸಾಹಿಬ್' ಅನ್ನುತ್ತಿದ್ದರು. ಇನ್ನೊಂದು, ರಾಜಕುಮಾರ ಮುಅಯ್ಯಿದುದ್ದೌಲನ ಜೊತೆ ಚಿಕ್ಕಂದಿನಿಂದ ಇದ್ದ, ಅವನೇ ಸಾಹಿಬ್ ಅಂತ ಕರೆದ. ಎರಡರಲ್ಲಿ ಯಾವುದಾದರೂ ಆಗಲಿ, ವಿಷಯ ಒಂದೇ. ಅಧಿಕಾರದ ಪಕ್ಕದಲ್ಲಿ ಇದ್ದವನು ಅಂತ ಬಂದ ಹೆಸರು. ದೊರೆಯ ಜೊತೆಗಾರನಿಗೆ ಊರೆಲ್ಲ ಕೈ ಮುಗಿಯುತ್ತದೆ. ಕೈ ಮುಗಿದವರ ಬಾಯಲ್ಲಿ 'ಜೊತೆಗಾರ' ಅನ್ನುವುದೇ ಗೌರವದ ಮಾತಾಯಿತು. ಬೆಳಗಾವಿಯವರ ಪ್ರಶ್ನೆಗೆ ನನ್ನ ಉತ್ತರ ಇದೇ.

ಭಟ್ಕಳದ ವಿದ್ಯಾರ್ಥಿ
ಕತೆ ಚೆನ್ನಾಗಿದೆ ಸರ್, ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ ಅನಿಸುತ್ತದೆ. ಯಜಮಾನ ಅನ್ನುವ ಅರ್ಥ ಅರಬ್ಬಿ ವ್ಯಾಕರಣದ ಒಳಗೇ ಇದೆ. ಸಾಹಿಬ್ ಮುಂದೆ ಇನ್ನೊಂದು ಪದ ಬಂದರೆ 'ಅದಕ್ಕೆ ಸಂಬಂಧಪಟ್ಟವನು' ಅಂತಾಗುತ್ತದೆ. ನಮ್ಮ ಕನ್ನಡದ 'ಅವನು' ಕೆಲಸ ಮಾಡುವ ಹಾಗೆಯೇ. ಅಂಗಡಿಯವನು, ಹಾಲಿನವನು, ಮನೆಯವರು ಅನ್ನುತ್ತೇವಲ್ಲ. ಅಂಗಡಿಯವನು ಅಂದರೆ ಅಂಗಡಿಯ ಒಡೆಯನೂ ಹೌದು, ಅಲ್ಲಿ ಕೂತಿರುವವನೂ ಹೌದು.

ಅರಬ್ಬಿಯಲ್ಲಿ ಸಾಹಿಬುಲ್ ಬೈತ್ ಅಂದರೆ ಮನೆಯವನು, ಮಾಲೀಕ. ಯೂನುಸ್ ಪ್ರವಾದಿಗೆ ಕುರ್‌ಆನ್‌ನಲ್ಲೇ 'ಸಾಹಿಬುಲ್ ಹೂತ್', ಮೀನಿನವನು ಅಂತ ಹೆಸರಿದೆ. ಅವನೇನೂ ಮೀನಿಗೆ ಒಡೆಯನಲ್ಲ, ಮೀನೇ ಅವನನ್ನು ನುಂಗಿತ್ತು. ಆನೆ ತಂದು ಮಕ್ಕಾ ಮುತ್ತಿದವರು 'ಅಸ್‌ಹಾಬುಲ್ ಫೀಲ್', ಆನೆಯವರು. ಸರ್ಕಾರದ ಹುದ್ದೆಗಳೂ ಹೀಗೇ ಇದ್ದವು. ಪೊಲೀಸ್ ಮುಖ್ಯಸ್ಥ ಸಾಹಿಬುಶ್ಶುರ್ತಾ. ಟಪಾಲು ಮತ್ತು ಗೂಢಚಾರಿಕೆ ನೋಡುವವನು ಸಾಹಿಬುಲ್ ಬರೀದ್. ಸ್ಪೇನಿನ ಅರಬ್ಬರಲ್ಲಿ ಮಾರುಕಟ್ಟೆ ನೋಡಿಕೊಳ್ಳುವವನು ಸಾಹಿಬುಸ್ಸೂಕ್. ಇವುಗಳಲ್ಲಿ ಕೆಲವು ಇಬ್ನ್ ಅಬ್ಬಾದ್ ಹುಟ್ಟುವ ಮುಂಚಿನಿಂದಲೇ ಇವೆ. ಇವತ್ತಿಗೂ ಅರಬ್ ದೊರೆಯನ್ನು 'ಸಾಹಿಬುಲ್ ಜಲಾಲಾ' ಅನ್ನುತ್ತಾರೆ. ಘನತೆಯುಳ್ಳವನು ಅಂತ. ಯುವರಾಜರು 'ಸಾಹಿಬುಸ್ಸುಮುವ್'. ಇಲ್ಲಿ ಜೊತೆಗಾರಿಕೆಯ ವಾಸನೆಯೇ ಇಲ್ಲ.

ಹಳೇ ದಫ್ತರ
ಒಪ್ಪಿದೆ, ಆದರೆ ಅರ್ಧ. ನೀವು ಕೊಟ್ಟ ಎಲ್ಲಾ ಉದಾಹರಣೆಯಲ್ಲೂ ಸಾಹಿಬ್ ಮುಂದೆ ಏನೋ ಒಂದು ಇದೆ. ಪೊಲೀಸಿನವನು, ಮೀನಿನವನು, ಘನತೆಯವನು. ನಾವು ಮಾತಾಡುತ್ತಿರುವ ಸಾಹೇಬನಿಗೆ ಮುಂದೆ ಏನೂ ಇಲ್ಲ. ಬರೀ 'ಸಾಹೇಬ್ರು ಬಂದ್ರು'. ಯಾವುದರ ಸಾಹೇಬ ಅಂತ ಯಾರೂ ಕೇಳುವುದಿಲ್ಲ. ಬಾಲ ಬಿದ್ದುಹೋಗಿ ತಲೆ ಮಾತ್ರ ಉಳಿದದ್ದು ಎಲ್ಲಿ ಅನ್ನುವುದು ಪ್ರಶ್ನೆ. ನಮಗೆ ಸಿಗುವ ಸ್ಪಷ್ಟ ದಾಖಲೆ ರೇ ಊರಿನ ಆ ವಜೀರನದು. 'ಇಬ್ನುಲ್ ಅಮೀದನ ಸಾಹಿಬ್' ಅನ್ನುವುದರಲ್ಲಿ ಇಬ್ನುಲ್ ಅಮೀದ್ ಉದುರಿ ಸಾಹಿಬ್ ಉಳಿಯಿತು.

ಅಲ್ಲಿಂದ ಮುಂದೆ ಪರ್ಷಿಯನ್ ಆಡಳಿತದ ಮಾತಿನಲ್ಲಿ ಓಡಾಡಿತು. ಮಂಗೋಲರ ಕಾಲದ ಇರಾನಿನಲ್ಲಿ ದೊಡ್ಡ ಮಂತ್ರಿ ಶಮ್ಸುದ್ದೀನ್ ಜುವೈನಿ 'ಸಾಹಿಬ್ ದೀವಾನ್'. ತೈಮೂರನಿಗೆ 'ಸಾಹಿಬ್ ಕಿರಾನ್'. ಗುರು ಮತ್ತು ಶನಿ ಗ್ರಹಗಳು ಒಟ್ಟಿಗೆ ಬಂದ ಶುಭ ಗಳಿಗೆಯ ಒಡೆಯ ಅಂತ. ಷಹಜಹಾನ್ ತನ್ನನ್ನು 'ಎರಡನೇ ಸಾಹಿಬ್ ಕಿರಾನ್' ಅಂತ ಕರೆದುಕೊಂಡ, ನಾಣ್ಯದ ಮೇಲೂ ಹಾಕಿಸಿದ.

ಇನ್ನೊಂದು ಗಮನಿಸಿ. ಅರಬ್ಬಿಯಲ್ಲಿ ಸಾಹಿಬ್ ಮೊದಲು ಬರುತ್ತದೆ. ನಮ್ಮ ದೇಶದಲ್ಲಿ ಹೆಸರಿನ ಹಿಂದೆ ಬರುತ್ತದೆ. ಕರ್ನಾಟಿಕ್ ಯುದ್ಧಗಳ ಚಂದಾ ಸಾಹೇಬ್, ಪೇಶ್ವೆ ನಾನಾಸಾಹೇಬ್. ಗೌರವದ ಮಾತನ್ನು ಹೆಸರಿನ ಹಿಂದೆ ಅಂಟಿಸುವುದು ನಮ್ಮ ಪದ್ಧತಿ. ಪದ ಅವರದು, ಕೂರಿಸಿದ ಜಾಗ ನಮ್ಮದು.

ಕಾಫಿಪುಡಿ
ಸಣ್ಣ ಅನುಮಾನ. ನಾವು ದಿನಾ ಅನ್ನುವ 'ಸಾರ್' ಇದರಿಂದಲೇ ಬಂದಿದ್ದಾ? ಮತ್ತೆ ನಮ್ಮ ಮಾವ ಇದು ಸಂಸ್ಕೃತದ 'ಸಹವಾಸ' ಅಂತ ವಾದ ಮಾಡುತ್ತಾರೆ.

ಹಳೇ ದಫ್ತರ
ಎರಡೂ ಅಲ್ಲ. ಸಾರ್ ಇಂಗ್ಲಿಷಿನದು. ಅದು ಫ್ರೆಂಚಿನ ಮೂಲಕ ಲ್ಯಾಟಿನ್‌ನ 'ಹಿರಿಯ' ಅನ್ನುವ ಪದಕ್ಕೆ ಹೋಗುತ್ತದೆ. ಸಹವಾಸಕ್ಕೂ ಸಾಹಿಬ್‌ಗೂ ಅರ್ಥ ಹತ್ತಿರ, ದನಿ ಹತ್ತಿರ, ಬಳಗ ಬೇರೆ. ಮಾವನ ಜೊತೆ ವಾದಕ್ಕೆ ಇಳಿಯಬೇಡಿ, ಊಟದ ಹೊತ್ತಿಗಂತೂ ಬೇಡ.

ಧಾರವಾಡ ಪೇಡೆ
ಸಹವಾಸ ಬಿಡಿ, ಅಸಲಿ ತಮ್ಮ ನಮ್ಮ ಊರಲ್ಲೇ ಇದ್ದಾನೆ. ಸೋಬತಿ! 'ಅವನ ಸೋಬತಿ ಬ್ಯಾಡ' ಅಂತ ನಮ್ಮ ಅಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಮರಾಠಿಯಲ್ಲಿ 'ಸೋಬತ್'. ಎರಡೂ ಅರಬ್ಬಿಯ 'ಸುಹ್ಬತ್', ಅಂದರೆ ಜೊತೆ, ಒಡನಾಟ. ಅದೇ ಸ್ವಾದ್-ಹಾ-ಬಾ. ಭಟ್ಕಳದವರು ಹೇಳಿದ ಮೊದಲ ಅರ್ಥ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಾಗೇ ಉಳಿದಿದೆ. ಒಂದೇ ಬೇರಿನ ಒಂದು ಪದ ಕಚೇರಿಗೆ ಹೋಗಿ ಸಾಹೇಬನಾಯಿತು, ಇನ್ನೊಂದು ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಾ ಉಳಿಯಿತು.

ನಮ್ಮ ಕಡೆ ಸಾಹೇಬ ಅನ್ನುವುದಕ್ಕೆ ಜಾತಿ ಧರ್ಮದ ಬೇಲಿ ಇಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಗಲ್ಲಿಗೇರಿದ ನರಗುಂದದ ದೊರೆ ಭಾಸ್ಕರರಾವ್ ಭಾವೆಯನ್ನು ಇಂದಿಗೂ ಬಾಬಾಸಾಹೇಬ ಅಂತಲೇ ನೆನೆಯುತ್ತಾರೆ. ಅವರು ಬ್ರಾಹ್ಮಣರು. ಸಂಗೀತಕ್ಕೆ ಬಂದರೆ ಅಬ್ದುಲ್ ಕರೀಂ ಖಾನ್ ಸಾಹೇಬರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ನಮ್ಮಲ್ಲಿ ಹಾಡುವವರ ಮನೆಯಲ್ಲಿ ಬರೀ 'ಖಾನ್ ಸಾಹೇಬ್ರು' ಅಂದರೆ ಸಾಕು, ಕಿವಿ ಮುಟ್ಟಿಕೊಳ್ಳುತ್ತಾರೆ.

ಮೇಲಿನ ಗಾದೆಗೂ ಒಂದು ಮಾತು. ಶಿಶುನಾಳ ಶರೀಫರ (1819–1889) ತಂದೆಯ ಹೆಸರು ಇಮಾಮ್ ಸಾಹೇಬ. ಗುರು ಕಳಸದ ಗೋವಿಂದ ಭಟ್ಟರು. ಗೋಕುಲಾಷ್ಟಮಿಗೆ ಸಂಬಂಧ ಇಲ್ಲ ಅಂತ ಹೇಳುವುದು ಕಷ್ಟ.

ಬೀದರ್ ಬಿದರಿ
ಬೀದರಿನ ಸಾಹಿಬ್ ಬಿಟ್ಟರೆ ಹೇಗೆ. ನಮ್ಮೂರಿನ ಗುರುದ್ವಾರದ ಹೆಸರೇ ನಾನಕ್ ಝೀರಾ ಸಾಹಿಬ್. ಸಿಖ್ಖರಲ್ಲಿ ಈ ಪದ ಮನುಷ್ಯರನ್ನು ದಾಟಿ ಹೋಗಿದೆ. ಗುರುವಾಣಿಯಲ್ಲಿ ಸಾಹಿಬ್ ಅಂದರೆ ದೇವರು. ಗ್ರಂಥಕ್ಕೆ ಗುರು ಗ್ರಂಥ ಸಾಹಿಬ್, ಊರಿಗೆ ನಂಕಾನಾ ಸಾಹಿಬ್. ಕಬೀರರೂ ದೇವರನ್ನು ಸಾಹಿಬ್ ಅಂದಿದ್ದಾರೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರು 'ಪಂಜ್ ಪ್ಯಾರೆ'ಗಳಲ್ಲಿ ಒಬ್ಬರು ಬೀದರಿನ ಕ್ಷೌರಿಕರು. ಅವರ ಹೆಸರು ಭಾಯಿ ಸಾಹಿಬ್ ಸಿಂಗ್. ಇಲ್ಲಿ ಬಿರುದೇ ಹೆಸರಾಗಿದೆ.

ತುಮಕೂರು ಅಕ್ಕ
ಬೆಳಗಾವಿಯವರು ಕೇಳಿದ ಇನ್ನೊಂದು ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹಳೇ ಮೈಸೂರಿನಲ್ಲಿ ಸಾಹೇಬ ಯಾಕೆ 'ಸಾಬಿ' ಆದ?

ನಾನು ಮುಸ್ಲಿಂ ಮನೆಯವಳು. ನಮ್ಮ ತಾತನ ಹೆಸರಿನ ಕೊನೆಗೆ ಸಾಬ್ ಇತ್ತು. ಬುಡನ್ ಸಾಬ್, ಹುಸೇನ್ ಸಾಬ್, ಇಮಾಂ ಸಾಬ್ ಅಂತ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಇರುತ್ತಿತ್ತು. ಅದು ಗೌರವದಿಂದಲೇ ಬಂದ ಹೆಸರು. ಹಾಗೆ ಹೆಸರಿನಲ್ಲಿ ಹೆಚ್ಚಾಗಿ ಇಟ್ಟುಕೊಂಡವರು ಈ ಕಡೆ ನಾವೇ. ಬ್ರಿಟಿಷ್ ಅಧಿಕಾರಿಗೆ ಇಲ್ಲಿಯ ಜನ 'ದೊರೆ' ಅಂದರು, ಅವನ ಹೆಂಡತಿಗೆ 'ದೊರೆಸಾನಿ' ಅಂದರು. ಆಮೇಲೆ ಆಫೀಸಿನಲ್ಲಿ 'ಸಾರ್' ಬಂತು. ಹೀಗೆ ಅಧಿಕಾರದ ಜಾಗಕ್ಕೆ ಬೇರೆ ಪದಗಳಿದ್ದವು. ಸಾಬ್ ಉಳಿದದ್ದು ಜನಾಂಗದ ಗುರುತಾಗಿ. ಬೆಳಗಾವಿ ಕಡೆ ಮರಾಠಿ ದರ್ಬಾರಿನಿಂದ ಬಂದಿದ್ದರಿಂದ ಎಲ್ಲರಿಗೂ ಸೇರಿತು ಅಂತ ನನ್ನ ಅಂದಾಜು.

'ಸಾಬ್ರು' ಅಂದರೆ ನನಗೇನೂ ಬೇಜಾರಿಲ್ಲ. ಬಹುವಚನ ಇದೆ. 'ಸಾಬಿ' ಅಂದಾಗ ಚುಚ್ಚುತ್ತದೆ. ಗಾದೆ ಹೇಳುವವರು ಬೇಕಂತ ಚುಚ್ಚುವುದಿಲ್ಲ, ಗೊತ್ತು. ಆದರೂ ಕಿವಿಗೆ ಬೀಳುತ್ತದೆ.

ಇದೇ ಸಾಬ್ ಮತ್ತೆ ಎತ್ತರಕ್ಕೆ ಹೋದದ್ದೂ ಇದೆ. ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದರು. ಜನ ಪ್ರೀತಿಯಿಂದ 'ನೀರ್ ಸಾಬ್' ಅಂದರು. 1983ರ ಪಂಚಾಯಿತಿ ಕಾನೂನು, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಎಲ್ಲ ಅವರ ಕಾಲದ್ದೇ. 1988ರಲ್ಲಿ ತೀರಿಕೊಂಡರು. ಭಟ್ಕಳದವರ ವ್ಯಾಕರಣದಲ್ಲಿ ಹೇಳುವುದಾದರೆ ಅವರು ನೀರಿನವರು.

ಭಟ್ಕಳದ ವಿದ್ಯಾರ್ಥಿ
ಅಕ್ಕಾ, ನೀರ್ ಸಾಬ್ ಅನ್ನುವುದನ್ನು ಅರಬ್ಬಿಗೆ ತಿರುಗಿಸಿದರೆ 'ಸಾಹಿಬುಲ್ ಮಾ' ಆಗುತ್ತದೆ. ಶುದ್ಧ ಅರಬ್ಬಿ! ನಮ್ಮ ಹಳ್ಳಿಯ ಜನ ಗೊತ್ತಿಲ್ಲದೇ ಸರಿಯಾಗಿ ಕಟ್ಟಿದ್ದಾರೆ.

ಸುಮ್ನೆ ಬಂದವ
ಗಾದೆ ಹಾಕಿದವನು ನಾನೇ. ಅಕ್ಕನ ಮಾತು ಓದಿದೆ. ಮುಂದಕ್ಕೆ 'ಇಮಾಂ ಸಾಹೇಬ್ರಿಗೂ' ಅಂತ ಹೇಳಿದರೆ ಗಾದೆಯ ಲಯ ಕೆಡುತ್ತದಾ? ಹೇಳಿ ನೋಡಿದೆ, ಕೆಡುವುದಿಲ್ಲ.

ದಮ್ಮಾಮ್ ಡ್ರೈವರ್
ಗಲ್ಫ್‌ನಲ್ಲಿ ಇರುವವನು ನಾನು. ಇಲ್ಲಿ ಅರಬನಿಗೆ ಸಾಹಿಬ್ ಅಂದರೆ ಗೆಳೆಯಾ ಅಂದ ಹಾಗೆ. ಈಜಿಪ್ಟಿನವರು ಮಾತಿಗೆ ಮುಂಚೆ 'ಯಾ ಸಾಹ್ಬಿ' ಅನ್ನುತ್ತಾರೆ, ನಮ್ಮ 'ಮಗಾ' ಇದ್ದ ಹಾಗೆ. ನಮ್ಮನ್ನು ಕರೆಯುವುದು 'ಸದೀಕ್' ಅಂತ. ಅದೂ ಗೆಳೆಯ ಅಂತಲೇ, ಆದರೆ ಕೂಲಿಯವನನ್ನು ಕೂಗುವಾಗ ಅದರ ದನಿಯೇ ಬೇರೆ. ಮ್ಯಾನೇಜರ್‌ಗೆ 'ಮುದೀರ್'. ವೀಸಾ ಕೊಟ್ಟವನು 'ಕಫೀಲ್'. ನಮ್ಮ ಹುಡುಗರು ಯಜಮಾನನಿಗೆ 'ಅರ್ಬಾಬ್' ಅನ್ನುತ್ತಾರೆ.

ಈ ಅರ್ಬಾಬ್ ತಮಾಷೆ ನೋಡಿ. ಅರಬ್ಬಿಯಲ್ಲಿ ಅದು 'ರಬ್ಬ್' ಅನ್ನುವುದರ ಬಹುವಚನ. ರಬ್ಬ್ ಅಂದರೆ ಒಡೆಯ, ದೇವರು. ಒಬ್ಬ ಅಂಗಡಿ ಮಾಲೀಕನಿಗೆ 'ಒಡೆಯರುಗಳು' ಅಂದ ಹಾಗಾಯಿತು. ಪರ್ಷಿಯನ್‌ನಲ್ಲಿ ಅರ್ಬಾಬ್ ಅಂದರೆ ಜಮೀನ್ದಾರ. ಸಾಹೇಬನ ಹಾಗೆಯೇ ಇದೂ ಪರ್ಷಿಯನ್ ಸುತ್ತು ಹಾಕಿ ಬಂದಿದೆ.

ಹಳೇ ದಫ್ತರ
ಡ್ರೈವರ್ ಅಣ್ಣ ಒಳ್ಳೆ ಪದ ಕೊಟ್ಟರು. ಅದರ ಜೊತೆಗೇ ಇನ್ನು ಮೂರು ಸೇರಿಸುತ್ತೇನೆ. ಹುಜೂರ್, ಹಜರತ್, ಜನಾಬ್. ಮೊದಲೆರಡರ ಬೇರು ಒಂದೇ, ಅರ್ಥ 'ಎದುರಿಗಿರುವುದು'. ಜನಾಬ್ ಅಂದರೆ ಪಕ್ಕ, ಬದಿ. ಮೂರರಲ್ಲೂ ಮನುಷ್ಯನ ಹೆಸರಿಲ್ಲ, ಅವನ ಸುತ್ತಲಿನ ಜಾಗ ಇದೆ. ದೊಡ್ಡವರನ್ನು ನೇರವಾಗಿ ಮುಟ್ಟದೇ ಅವರ ಹತ್ತಿರದ ಗಾಳಿಯನ್ನು ಮಾತಾಡಿಸುವುದು. ನಮ್ಮಲ್ಲೂ ಮಠದ ಸ್ವಾಮಿಗಳನ್ನು 'ಸನ್ನಿಧಾನ', 'ಮಹಾಸನ್ನಿಧಾನ' ಅನ್ನುತ್ತೇವೆ. ಸನ್ನಿಧಾನ ಅಂದರೂ ಹತ್ತಿರ ಇರುವುದು ಅಂತಲೇ. ಮೈಸೂರು ಸಂಸ್ಥಾನದಲ್ಲಿ ಹುಜೂರು ಖಜಾನೆ ಇತ್ತು. ಹುಜೂರು ಅಂದರೆ ದೊರೆಯ ಸನ್ನಿಧಾನ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಾಹಿಬ್‌ನನ್ನೂ ಈ ಸಾಲಿಗೆ ಸೇರಿಸಬಹುದು ಅನ್ನುವುದು ನನ್ನ ವಾದ. ಹತ್ತಿರ ಇರುವವನು. ಭಟ್ಕಳದವರು ಒಪ್ಪದಿದ್ದರೂ ಸರಿ.

ಭಟ್ಕಳದ ವಿದ್ಯಾರ್ಥಿ
ಒಪ್ಪುವುದಿಲ್ಲ. ಹುಜೂರ್, ಜನಾಬ್ ಎರಡೂ ದೊಡ್ಡವನ ಸುತ್ತಲಿನ ಜಾಗ. ಸಾಹಿಬ್ ಆ ಜಾಗದಲ್ಲಿ ನಿಂತ ಬೇರೆ ಮನುಷ್ಯ. ಇಬ್ನ್ ಅಬ್ಬಾದನ ಮಟ್ಟಿಗೆ ನಿಮ್ಮ ಮಾತು ನಿಲ್ಲುತ್ತದೆ. ಹಿಂದೂಸ್ತಾನದ ಸಾಹೇಬನಿಗೆ 'ಒಡೆಯ' ಅನ್ನುವ ಅರ್ಥವೇ ಜಾಸ್ತಿ ಬಂದಿದೆ. ಟರ್ಕಿ ಭಾಷೆಯಲ್ಲಿ 'ಸಾಹಿಪ್' ಅಂದರೆ ಇವತ್ತಿಗೂ ಮಾಲೀಕ ಅಷ್ಟೇ. ಪರ್ಷಿಯನ್‌ನಲ್ಲೂ ಮನೆ ಮಾಲೀಕನಿಗೆ ಇದೇ ಪದ. ಅದೇ ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ 'ಸಾಹಿಬು' ಅಂದರೆ ಗೆಳೆಯ, ಮಲಯ ಭಾಷೆಯಲ್ಲಿ 'ಸಹಾಬತ್' ಅಂದರೆ ಗೆಳೆಯ. ಅರಬ್ ವ್ಯಾಪಾರಿಗಳು ಹಡಗಿನಲ್ಲಿ ಹೋದ ತೀರಗಳಲ್ಲಿ ಗೆಳೆಯನಾಗಿ ಉಳಿಯಿತು. ಪರ್ಷಿಯನ್ ದರ್ಬಾರು ಮುಟ್ಟಿದ ಕಡೆ ಒಡೆಯನಾಯಿತು. ನನಗೆ ಕಾಣುವ ಗೆರೆ ಇದು.

ಹಳೇ ದಫ್ತರ
ಈ ಗೆರೆ ನನ್ನ ವಾದಕ್ಕಿಂತ ಚೆನ್ನಾಗಿದೆ. ಧಾರವಾಡದ ಸೋಬತಿ ಮಾತ್ರ ದರ್ಬಾರಿನ ಕಡೆ ಇದ್ದೂ ಗೆಳೆಯನಾಗಿ ಉಳಿದಿದೆ. ಅದಕ್ಕೇನು ಹೇಳುತ್ತೀರಿ?

ಧಾರವಾಡ ಪೇಡೆ
ನಾನು ಹೇಳುತ್ತೇನೆ. ಧಾರವಾಡದವರು ದರ್ಬಾರಿನಲ್ಲಿ ಕೂತರೂ ಹರಟೆ ಬಿಡುವುದಿಲ್ಲ.

ಕಾಫಿಪುಡಿ
ಬ್ರಿಟಿಷರ 'ರಾವ್ ಸಾಹೇಬ್' ಬಿರುದು ಬಗ್ಗೆ ಯಾರಾದರೂ ಹೇಳಿ. ನಮ್ಮ ಮುತ್ತಜ್ಜನ ಫೋಟೊ ಕೆಳಗೆ ಬರೆದಿದೆ.

ಹಳೇ ದಫ್ತರ
ಸರ್ಕಾರ ಕೊಡುತ್ತಿದ್ದ ಬಿರುದು ಅದು. ನಮ್ಮ ಕಡೆಯ ಹಿಂದೂಗಳಿಗೆ ರಾವ್ ಸಾಹೇಬ್, ಉತ್ತರದಲ್ಲಿ ರಾಯ್ ಸಾಹೇಬ್, ಮುಸ್ಲಿಮರಿಗೆ ಖಾನ್ ಸಾಹೇಬ್, ಸಿಖ್ಖರಿಗೆ ಸರ್ದಾರ್ ಸಾಹೇಬ್. ಒಂದು ಮೆಟ್ಟಿಲು ಮೇಲೆ ರಾವ್ ಬಹದ್ದೂರ್, ಖಾನ್ ಬಹದ್ದೂರ್. ಯುದ್ಧಕ್ಕೆ ನೆರವಾದವರು, ಸರ್ಕಾರಿ ನೌಕರರು, ಊರಿಗೆ ಕೆಲಸ ಮಾಡಿದವರು ಹೀಗೆ ಹಲವರಿಗೆ ಸಿಗುತ್ತಿತ್ತು. ಸಂವಿಧಾನದ 18ನೇ ವಿಧಿ ಬಂದ ಮೇಲೆ ಇಂಥ ಬಿರುದು ಕೊಡುವುದಕ್ಕೆ ಅವಕಾಶ ಇಲ್ಲ. ಫೋಟೊ ಕೆಳಗೆ ಇರಲಿ, ತೊಂದರೆ ಇಲ್ಲ.

ಹಾಗೆಯೇ 'ಮೇಮ್‌ಸಾಹೇಬ್'. ಮೇಡಂ ಮತ್ತು ಸಾಹೇಬ್ ಸೇರಿಸಿ ಮಾಡಿದ ಪದ. ಅರಬ್ಬಿಯಲ್ಲಿ ಹೆಣ್ಣಿಗೆ 'ಸಾಹಿಬಾ' ಅಂತ ಸರಿಯಾದ ರೂಪ ಇತ್ತು. ಬಟ್ಲರ್‌ಗಳಿಗೆ ವ್ಯಾಕರಣದ ಗೊಡವೆ ಇರಲಿಲ್ಲ.

ಬೆಳಗಾವಿ ಕುಂದಾ
ಎಲ್ಲರಿಗೂ ಧನ್ಯವಾದ. ತಾಲೂಕು ಕಚೇರಿಯಲ್ಲಿ ವಕೀಲರ ಕೈಲಿ ಅರ್ಜಿ ಬರೆಸಿ ಸಾಹೇಬರಿಗೆ ಕೊಟ್ಟೆ ಅಂತ ನಮ್ಮಪ್ಪ ನಿನ್ನೆ ಫೋನಿನಲ್ಲಿ ಹೇಳಿದರು. ಇದರಲ್ಲಿ ಅರಬ್ಬಿ ಎಷ್ಟು ಅಂತ ಈಗ ಎಣಿಸಬೇಕು.

ಭಟ್ಕಳದ ವಿದ್ಯಾರ್ಥಿ
ತಾಲೂಕು, ವಕೀಲ, ಅರ್ಜಿ, ಸಾಹೇಬ. ನಾಲ್ಕು. ಕಚೇರಿ ನಮ್ಮ ದೇಶದ್ದೇ.

ಬೆಳಗಾವಿ ಕುಂದಾ
ಕೊನೆಗೊಂದು ಕೆಲಸದ ಪ್ರಶ್ನೆ. ಜೋರ್ಡಾನ್ ಹುಡುಗನ ಅಪ್ಪನಿಗೆ ಒಂದು ಪತ್ರ ಬರೆಯಬೇಕು, ಹಿರಿಯರು. ಸಾಹಿಬ್ ಬೇಡ ಅಂತಾಯಿತು. ಏನು ಹಾಕಲಿ?

ಭಟ್ಕಳದ ವಿದ್ಯಾರ್ಥಿ
ಹೆಸರಿನ ಮುಂದೆ 'ಅಸ್ಸಯ್ಯಿದ್' ಹಾಕಿ. ಈಗಿನ ಅರಬ್ಬಿ ಪತ್ರಗಳಲ್ಲಿ ಅದು ನಮ್ಮ 'ಶ್ರೀ' ಇದ್ದ ಹಾಗೆ, ಯಾರಿಗೆ ಬೇಕಾದರೂ ಹಾಕಬಹುದು. ಎದುರಿಗೆ ಸಿಕ್ಕಾಗ ಹಿರಿಯ ಮಗನ ಹೆಸರು ಹಿಡಿದು 'ಅಬೂ ಇಂಥವನು' (ಇಂಥವನ ಅಪ್ಪ) ಅಂತ ಕರೆದರೆ ಇನ್ನೂ ಖುಷಿಪಡುತ್ತಾರೆ. ನಿಮ್ಮ ಗೆಳೆಯನೇ ಹಿರಿಯ ಮಗನಾ ಅಂತ ಮೊದಲು ಕೇಳಿಕೊಳ್ಳಿ.